ರೇಸ್ ಬಿಟ್ಟ ಕುದುರೆಗೆ ನಾನೇ ಹೊಲಿದ ಜೀನು

ರೇಸ್ ಬಿಟ್ಟು ಬಂದ ಥರೋಬ್ರೆಡ್ ತಳಿಯ ಕುದುರೆ ಸಾಕಿದವರಿಗೆ ಈ ಕಷ್ಟ ಗೊತ್ತು. ಹೆಗಲ ದಿಬ್ಬ ಎತ್ತರ, ಅದರ ಎರಡೂ ಪಕ್ಕ ಮಾಂಸ ಇಳಿದು ಗುಳಿ. ರೆಡಿಮೇಡ್ ಜೀನು ಮುಂದಕ್ಕೆ ಕುಸಿದು ದಿಬ್ಬದ ಮೇಲೇ ಕೂರುತ್ತದೆ. ನಮ್ಮ ಕುದುರೆಗೆ ಒತ್ತಿದ ಜಾಗದಲ್ಲೆಲ್ಲ ಬಿಳಿ ಕೂದಲು ಬಂದಿತ್ತು. ಒಂದಾದ ಮೇಲೊಂದು ಜೀನು ಕೊಂಡು ಐವತ್ತು ಸಾವಿರದ ಹತ್ತಿರ ಹೋಯಿತು. ಕೆಳಗೆ ದಪ್ಪ ಪ್ಯಾಡ್ ಹಾಕಿದರೆ ಇನ್ನೂ ಬಿಗಿ.

ನಾನೇ ಮಾಡ್ತೀನಿ ಅಂದಾಗ ಬೆಂಗಳೂರಿನ ರೈಡಿಂಗ್ ಮೇಷ್ಟ್ರೊಬ್ಬರು, 'ಬೆಲ್ಟು, ಬ್ಯಾಗು ಹೊಲಿದ ಕೈಗೆ ಇದು ಆಗಲ್ಲ ಬಿಡಿ' ಅಂದರು. ನಾನು ಕಾನ್ಪುರದ ರೈಲು ಹತ್ತಿದೆ. ಬ್ರಿಟಿಷರ ಸೇನೆಗೆ ಜೀನು, ಲಗಾಮು ಮಾಡಿ ಬೆಳೆದ ಊರು ಅದು, ಕಾನ್ಪುರ ಸ್ಯಾಡ್ಲರಿಗೆ (ಅಲ್ಲಿನ ಜೀನು, ಲಗಾಮುಗಳಿಗೆ) ಊರಿನ ಹೆಸರಿನ ಗುರುತಾದ ಜಿಐ ಟ್ಯಾಗೂ ಇದೆ.

ಅಲ್ಲಿನ ಜಾಜ್‌ಮೌ ಬಡಾವಣೆ ಕಡೆಯ ಒಂದು ಸಣ್ಣ ಕಾರ್ಖಾನೆ. ಮೊಣಕಾಲ ನಡುವೆ ಮರದ ಇಕ್ಕಳ ಸಿಕ್ಕಿಸಿಕೊಂಡು, ಆರಿಯಿಂದ ತೂತು ಮಾಡಿ, ಎರಡು ಸೂಜಿಯಲ್ಲಿ ಹೊಲಿಯುತ್ತಿದ್ದರು. ಈ ಹೊಲಿಗೆಯಲ್ಲಿ ಒಂದು ಕಡೆ ದಾರ ಕಡಿದರೂ ಇನ್ನೊಂದು ಹಿಡಿದಿರುತ್ತದೆ, ಮೆಷಿನ್ ಹೊಲಿಗೆ ಬಿಚ್ಚಿಕೊಂಡು ಹೋಗುತ್ತದೆ. ನಾನು ಬಗ್ಗುವ ತಂತಿಯಿಂದ ಬೆನ್ನಿನ ಆಕಾರ ತೆಗೆದು ಕಾಗದದ ಮೇಲೆ ಎಳೆದುಕೊಂಡು ಹೋಗಿದ್ದೆ: ಭುಜದ ಮೂಳೆಯಿಂದ ಎರಡು ಬೆರಳು ಹಿಂದೆ ಒಂದು, ಅಲ್ಲಿಂದ ನಾಲ್ಕಿಂಚು ಬಿಟ್ಟು ಇನ್ನೊಂದು, ಕೊನೆಯ ಪಕ್ಕೆಲುಬಿನ ಹತ್ತಿರ ಮತ್ತೊಂದು. ಅಲ್ಲಿನ ಹಿರಿಯ ಕುಶಲಿ ಉಸ್ತಾದ್ ಅದನ್ನು ನೋಡಿ ಮೊದಲ ಸಲ ತಲೆ ಎತ್ತಿದರು. ಕಬ್ಬಿಣದ ಪಟ್ಟಿಯನ್ನು ಆ ಆಕಾರಕ್ಕೇ ಬಗ್ಗಿಸಿದ ಮರದ ಟ್ರೀ, ಅಂದರೆ ಜೀನಿನ ಒಳಗಿನ ಚೌಕಟ್ಟು, ಮಾಡಿಸಿ ಕೊಟ್ಟರು, ಆರು ಸಾವಿರದ ಆಸುಪಾಸು ಆಯಿತು.

ಮಿಕ್ಕಿದ್ದು ಮನೆಯಲ್ಲಿ, ಮತ್ತು ನಷ್ಟವೂ ಅಲ್ಲೇ. ಹೊಟ್ಟೆಪಟ್ಟಿ ಸಿಕ್ಕಿಸುವ ಪಟ್ಟಿಗೆ ಹಾಕಿದ ಕ್ರೋಮ್ (ಕ್ರೋಮಿಯಂ ಲವಣದಲ್ಲಿ ಹದ ಮಾಡಿದ) ಚರ್ಮ ಒಂದೆರಡು ತಿಂಗಳಲ್ಲೇ ಎಳೆದುಕೊಂಡು ತೂತುಗಳು ಉದ್ದವಾದವು. ಆಮೇಲೆ ತಮಿಳುನಾಡಿನಿಂದ ತೊಗಟೆಯಲ್ಲಿ ಹದ ಮಾಡಿದ ಚರ್ಮ ತರಿಸಿದೆ, ನಾಲ್ಕು ಮಿಲಿಮೀಟರ್ ದಪ್ಪದ್ದು. ಅದು ಇವತ್ತಿಗೂ ಜಗ್ಗಿಲ್ಲ. ಪ್ಯಾನೆಲ್‌ಗೆ, ಅಂದರೆ ಜೀನಿನ ಅಡಿಯಲ್ಲಿ ಬೆನ್ನಿಗೆ ತಾಗುವ ಮೆತ್ತೆಗೆ, ಮೊದಲು ಫೋಮ್ ತುಂಬಿದ್ದೆ, ಬೆವರಿಗೆ, ಬಿಸಿಗೆ ಅಪ್ಪಚ್ಚಿ. ಉಣ್ಣೆಗೆ ಬಂದೆ. ಸುಮ್ನೆ ಒಂದು ಪ್ರಯೋಗ ಅಂತ ಕಂಬಳಿ ನೇಯುವ ದಕ್ಕನಿ ಕುರಿಯ ಉಣ್ಣೆಯನ್ನೂ ತುಂಬಿ ನೋಡಿದೆ. ಬೇಗ ಗಂಟು ಕಟ್ಟಲಿಲ್ಲ, ಆದರೆ ಒರಟು ಕೂದಲು ಹೊಲಿಗೆಯಿಂದ ಹೊರಗೆ ಚುಚ್ಚುತ್ತಿತ್ತು. ಈಗ ಮೆತ್ತನೆ ಉಣ್ಣೆ ಬೆರೆಸುತ್ತೇನೆ. ಎಷ್ಟಕ್ಕೆ ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ, ದಾರಕ್ಕೆ ತಿಕ್ಕುವ ಮೇಣದ ಪಾಕವೂ ಅಷ್ಟೇ.

ಚರ್ಮಕ್ಕೆ ಹಚ್ಚುವ ಎಣ್ಣೆಯ ವಿಷಯ ಒಂದು. ಹರಳೆಣ್ಣೆ ಚೆನ್ನಾಗಿ ಇಳಿಯುತ್ತದೆ, ಆದರೆ ಜಾಸ್ತಿ ಆದರೆ ಪಟ್ಟಿ ಸಡಿಲ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಮೇಲೇ ಹೆಪ್ಪುಗಟ್ಟಿ ಕೂತಿತು.

ಅರ್ಧ ಗಂಟೆ ಓಡಿಸಿ ಜೀನು ತೆಗೆದಾಗ ಬೆನ್ನಿನ ಮೇಲೆ ಎರಡೂ ಕಡೆ ಸಮ ಬೆವರು, ಅದರೊಳಗೆ ಎಲ್ಲೂ ಒಣ ಚುಕ್ಕೆ ಇಲ್ಲ, ಅಂದರೆ ಜೀನು ಎಲ್ಲೂ ಒತ್ತಿಲ್ಲ. ಬೆನ್ನುಮೂಳೆಯ ಮೇಲೆ ಮೂರು ಬೆರಳಿನಷ್ಟು ಅಗಲದ ದಾರಿ ಪೂರ್ತಿ ಖಾಲಿ. ಅವತ್ತು ಎಷ್ಟು ಖುಷಿಯಾಯಿತು ಅಂದರೆ, ಅದೇ ಮೇಷ್ಟ್ರಿಗೆ ಫೋಟೋ ಕಳಿಸಿದೆ. ಈಗ ಅವರ ಎರಡು ಕುದುರೆಗಳ ಅಳತೆ ನನ್ನ ಬೆಂಚಿನ ಮೇಲಿದೆ. ಎಲ್ಲ ಸೇರಿ ಖರ್ಚು ಇಪ್ಪತ್ತೆಂಟು ಸಾವಿರ ಇರಬಹುದು, ಹಾಳಾದ ಚರ್ಮ ಬಿಟ್ಟು.

ಕೆಲಸ ಕೊಟ್ಟ ಮೇಲೆ ಬೆನ್ನಿನ ಮಾಂಸ ತುಂಬಿಕೊಳ್ಳುತ್ತದೆ, ಹಾಗಾಗಿ ಎರಡು ತಿಂಗಳಿಗೊಮ್ಮೆ ಮತ್ತೆ ತಂತಿ ಹಿಡಿದು ನೋಡಿ, ಬೇಕಾದಲ್ಲಿ ಪ್ಯಾನೆಲ್‌ನ ಉಣ್ಣೆ ಕಡಿಮೆ ಮಾಡಿ. ಅಳತೆ ತೆಗೆಯುವಾಗ ಕುದುರೆ ಸಮ ನೆಲದಲ್ಲಿ ನಿಂತಿರಲಿ, ಮುಂದೆ ಮೇವು ಇಡಬೇಡಿ. ತಲೆ ತಗ್ಗಿಸಿದರೆ ಬೆನ್ನು ಮೇಲೇಳುತ್ತದೆ, ಅಳತೆಯೆಲ್ಲ ತಪ್ಪು.