ನಾಯಿಯ ಜೊತೆ ಹಾಯಿದೋಣಿಯಲ್ಲಿ ಒಂದು ದಿನ: ಹೊರಡುವ ಮುನ್ನ, ಹೊರಟ ಮೇಲೆ

ಫ್ರೀಮಾಂಟಿನಲ್ಲಿರುವ ನಾವು ನಾಲ್ವರು ಗೆಳೆಯರು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಹಾಯಿದೋಣಿ ಬಾಡಿಗೆಗೆ ಪಡೆದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಇಳಿಯುತ್ತೇವೆ. ಐದನೆಯವಳು ನಮ್ಮ ನಾಯಿ ಕೆಂಪಿ. ನಾವು ಇಷ್ಟಪಟ್ಟು ಬರುತ್ತೇವೆ, ಅವಳು ನಮ್ಮನ್ನು ನಂಬಿ ಬರುತ್ತಾಳೆ. ಆದ್ದರಿಂದ ದಿನದ ಯೋಜನೆ ಶುರುವಾಗಬೇಕಾದದ್ದು ಅವಳಿಂದಲೇ.

ಮೊದಲು ದಾರಿ ಗೊತ್ತು ಮಾಡಿ. ಎಲ್ಲರ ಕಣ್ಣೂ ಏಂಜೆಲ್ ದ್ವೀಪದ ಮೇಲಿರುತ್ತದೆ, ಆದರೆ ಆ ರಾಜ್ಯ ಉದ್ಯಾನದಲ್ಲಿ ಸಾಕುನಾಯಿಗಳಿಗೆ ಪ್ರವೇಶವಿಲ್ಲ. ನಾಯಿಯನ್ನು ದೋಣಿಯಲ್ಲಿ ಕಟ್ಟಿಹಾಕಿ ದ್ವೀಪ ಸುತ್ತುವುದು ನನಗೆ ಒಪ್ಪಿಗೆಯಿಲ್ಲ. ನಾವು ಬರ್ಕ್ಲಿ ಮರೀನಾದಿಂದ, ಅಂದರೆ ಅಲ್ಲಿನ ದೋಣಿ ನಿಲ್ದಾಣದಿಂದ ಹೊರಟು, ಟ್ರೆಷರ್ ಐಲೆಂಡ್ ಮತ್ತು ಯೆರ್ಬಾ ಬುಯೆನಾ ದ್ವೀಪಗಳ ನಡುವಿನ ಕ್ಲಿಪ್ಪರ್ ಕೋವ್‌ನಲ್ಲಿ ಲಂಗರು ಹಾಕಿ ಮರಳುತ್ತೇವೆ. ಪಶ್ಚಿಮದ ಗಾಳಿಗೆ ದ್ವೀಪಗಳೇ ಅಡ್ಡ ನಿಲ್ಲುವುದರಿಂದ ಅಲ್ಲಿ ನೀರು ಶಾಂತ. 1930ರ ದಶಕದ ಕೊನೆಯಲ್ಲಿ ಪ್ಯಾನ್ ಆಮ್ ಕಂಪನಿಯ ಕ್ಲಿಪ್ಪರ್ ವಿಮಾನಗಳು ನೀರಿನ ಮೇಲೆ ಇಳಿಯುತ್ತಿದ್ದ ಜಾಗವದು.

ಆಮೇಲೆ ಹೊರಡುವ ಹೊತ್ತು. ಬೇಸಿಗೆಯಲ್ಲಿ ಒಳನಾಡಿನ ಕಣಿವೆ ಕಾದು ಅಲ್ಲಿನ ಗಾಳಿ ಮೇಲೇರಿದಾಗ, ಸಮುದ್ರದ ತಣ್ಣನೆಯ ಗಾಳಿ ಕೊಲ್ಲಿಯ ಬಾಯಿಯಾದ ಗೋಲ್ಡನ್ ಗೇಟ್ ಜಲಸಂಧಿಯ ಮೂಲಕ ಒಳಗೆ ನುಗ್ಗುತ್ತದೆ. ಬೆಳಿಗ್ಗೆ ಸುಮ್ಮನಿದ್ದ ಕೊಲ್ಲಿಯಲ್ಲಿ ಮಧ್ಯಾಹ್ನದ ಹೊತ್ತಿಗೆ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಮೀರಿ ಬೀಸುವುದು ಸಾಮಾನ್ಯ. ಬರ್ಕ್ಲಿ ಇರುವುದು ಆ ಗಾಳಿಯ ನೇರಕ್ಕೆ. ಗಾಳಿಯಷ್ಟೇ ಮುಖ್ಯವಾದದ್ದು ನೀರಿನ ಸೆಳೆತ. ಇಳಿತದ ನೀರು ಗಾಳಿಗೆ ಎದುರಾಗಿ ಹರಿದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ, ದೋಣಿ ಒಂದೇ ಸಮನೆ ಕುಟ್ಟುತ್ತದೆ. ಉಬ್ಬರವಾದರೆ ಎರಡೂ ಒಂದೇ ದಿಕ್ಕಿಗೆ ಸಾಗುತ್ತವೆ, ನೀರು ಸಪಾಟಾಗಿರುತ್ತದೆ. ಹಾಗಾಗಿ ಮಧ್ಯಾಹ್ನ ಉಬ್ಬರವಿರುವ ದಿನವನ್ನೇ ಉಬ್ಬರ-ಇಳಿತದ ವೇಳಾಪಟ್ಟಿಯಲ್ಲಿ ಹುಡುಕಿ, ಬೆಳಿಗ್ಗೆ ಒಂಬತ್ತಕ್ಕೆ ಹೊರಡಿ.

ಅದಕ್ಕೆ ಕೆಲವು ವಾರ ಮೊದಲೇ ಮನೆಯಲ್ಲಿ ಎರಡು ಅಭ್ಯಾಸ ಆಗಬೇಕು. ಒಂದು, ಬೆನ್ನ ಮೇಲೆ ಗಟ್ಟಿ ಹಿಡಿಯಿರುವ ಜೀವರಕ್ಷಕ ಜಾಕೆಟ್. ತೊಡಿಸಿ ಹಿತ್ತಲಲ್ಲಿ ಓಡಾಡಿಸಿ, ಹಿಡಿಯಿಂದ ಎತ್ತಿ ನೋಡಿ. ಮುಂಗಾಲು ಜಾರಿ ಹೊರಬಂದರೆ ಅಳತೆ ತಪ್ಪಾಗಿದೆ. ಇನ್ನೊಂದು ಶೌಚ, ಇದನ್ನೇ ಬಹಳ ಜನ ಮರೆಯುವುದು. ಮೊದಲ ಸಲ ಕೆಂಪಿ ಇಡೀ ದಿನ ಮೂತ್ರ ತಡೆದುಕೊಂಡೇ ಕೂತಿದ್ದಳು. ದೋಣಿ ನಮ್ಮ ಮನೆ, ಅಲ್ಲಿ ಹೊಲಸು ಮಾಡಬಾರದು ಎಂದು ತಿಳಿದಿದ್ದಳು. ಅವಳ ಮುಖ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೃತಕ ಹುಲ್ಲಿನ ಚಾಪೆಯೊಂದನ್ನು ಹಿತ್ತಲಲ್ಲಿ ಹಾಸಿ, ಅವಳದೇ ವಾಸನೆ ಹಿಡಿಯುವಂತೆ ಮಾಡಿ, ಅಲ್ಲಿ ಕೂತಾಗಲೆಲ್ಲ ತಿನಿಸು ಕೊಟ್ಟು ಬೆನ್ನು ತಟ್ಟಿದೆವು. ಆ ಚಾಪೆಯನ್ನು ತೊಳೆಯದೆ ದೋಣಿಗೆ ಒಯ್ಯಬೇಕು. ಲಂಗರು ಹಾಕಿದೊಡನೆ ದೋಣಿಯ ಮುಂಭಾಗದಲ್ಲಿ ಹಾಸಿ, ನೀವು ದೂರ ಸರಿಯಿರಿ.

ಹೊರಡುವ ದಿನ ನಾಯಿಗೆ ಎರಡು ಮೂರು ಗಂಟೆ ಮೊದಲೇ ಸ್ವಲ್ಪ ಊಟ ಕೊಡಿ, ತುಂಬಿದ ಹೊಟ್ಟೆ ಅಲೆಗೆ ತಾಳುವುದಿಲ್ಲ. ಮರೀನಾದ ಪಕ್ಕದಲ್ಲೇ ಸೀಸರ್ ಚಾವೆಜ್ ಉದ್ಯಾನವಿದೆ. ಅಲ್ಲಿ ನಾಯಿಗಳನ್ನು ಬಿಟ್ಟು ಓಡಿಸಲು ಮೀಸಲಾದ 17 ಎಕರೆ ಜಾಗದಲ್ಲಿ ಅರ್ಧ ಗಂಟೆ ಓಡಿಸಿದರೆ, ದೋಣಿಯಲ್ಲಿ ಮಲಗಲು ಅದಕ್ಕೂ ಮನಸ್ಸು ಬರುತ್ತದೆ.

ಹೊರಟ ಮೇಲೆ ಒಬ್ಬರ ಕೆಲಸ ನಾಯಿ ಮಾತ್ರ. ಹಗ್ಗ ಎಳೆಯುವುದು, ಫೋಟೊ ತೆಗೆಯುವುದು ಅವರಿಗೆ ಬೇಡ. ಹಾಯಿಯ ಮಗ್ಗುಲು ಬದಲಾಯಿಸುವಾಗ ಅದರ ಬುಡವನ್ನು ಹಿಡಿದಿರುವ ಅಡ್ಡಮರ ರಭಸದಿಂದ ಇನ್ನೊಂದು ಬದಿಗೆ ಬೀಸುತ್ತದೆ, ವಾಲಿದ ದೋಣಿ ಮತ್ತೊಂದು ಕಡೆಗೆ ವಾಲುತ್ತದೆ. ಅದಕ್ಕೆ ಮುನ್ನ ನಾಯಿಯನ್ನು ಕೆಳಗೆ, ಕಾಲುಗಳ ನಡುವೆ ಕೂರಿಸಿಕೊಳ್ಳಬೇಕು. ಜಾರದಂತೆ ರಬ್ಬರ್ ಚಾಪೆ ಹಾಸಿ. ಕೊರಳಪಟ್ಟಿಗೆ ಹಗ್ಗ ಹಾಕಿ ಕಂಬಿಗೆ ಕಟ್ಟಲೇಬೇಡಿ. ಬಿದ್ದರೆ ಅದು ನೇಣಾಗುತ್ತದೆ. ಬರ್ಕ್ಲಿಯಲ್ಲಿ ನೀರಿನೊಳಕ್ಕೆ ಚಾಚಿದ್ದ ಹಳೆಯ ದೋಣಿಕಟ್ಟೆಯ ಮುರಿದ ಕಂಬಗಳು ಬಹುದೂರದವರೆಗೆ ನೀರಿನಲ್ಲಿ ನಿಂತಿವೆ, ನಕ್ಷೆ ನೋಡದೆ ಅಡ್ಡದಾರಿ ಹಿಡಿಯಬಾರದು.

ನಾಯಿ ನೀರಿಗೆ ಬಿದ್ದರೆ? ಒಬ್ಬರು ಕಣ್ಣು ಕೀಳದೆ ಅದರತ್ತ ಕೈ ಚಾಚಿಕೊಂಡೇ ಇರಬೇಕು. ಚುಕ್ಕಾಣಿ ಹಿಡಿದವರು ದೋಣಿ ತಿರುಗಿಸಿ, ಹತ್ತಿರ ಬಂದಾಗ ವೇಗ ಇಳಿಸಬೇಕು. ಮೂರನೆಯವರು ಕೊಕ್ಕೆಕೋಲಿನಿಂದ ಜಾಕೆಟ್ಟಿನ ಹಿಡಿಯನ್ನು ಹಿಡಿದೆಳೆಯಬೇಕು. ಯಾರೂ ಹಿಂದೆಯೇ ಧುಮುಕಬಾರದು. ಬೇಸಿಗೆಯಲ್ಲೂ ನೀರು 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ, ಉಸಿರು ಕಟ್ಟಿಸುವಷ್ಟು ತಣ್ಣಗೆ. ಹೊರಟ ಹತ್ತು ನಿಮಿಷಕ್ಕೇ ಒಂದು ಫೆಂಡರನ್ನು (ದೋಣಿಯ ಮಗ್ಗುಲಿಗೆ ಪೆಟ್ಟಾಗದಂತೆ ತೂಗುಹಾಕುವ ತೇಲುದಿಂಬು) ನೀರಿಗೆಸೆದು ಇದನ್ನು ಅಭ್ಯಾಸ ಮಾಡಿ. ನಾವು ಪ್ರತಿ ಸಲವೂ ಮಾಡುತ್ತೇವೆ.

ಲಂಗರು ಬಿದ್ದ ಮೇಲೆ ಬುತ್ತಿ ಬಿಚ್ಚಬಹುದು. ಪುಳಿಯೋಗರೆ, ಮೊಸರನ್ನ ನಮಗೆ ಚೆನ್ನ. ಈರುಳ್ಳಿ ಬಿದ್ದ ಚಿತ್ರಾನ್ನ, ಒಣದ್ರಾಕ್ಷಿ ಹಾಕಿದ ಕೇಸರಿಬಾತು ನಾಯಿಗೆ ವಿಷ, ಒಂದು ತುತ್ತೂ ಬೇಡ. ಬಾಯಾರಿದ ನಾಯಿ ಉಪ್ಪುನೀರಿಗೇ ಬಾಯಿ ಹಾಕುತ್ತದೆ, ಅದರಿಂದ ವಾಂತಿ ಭೇದಿ ಆಗುತ್ತದೆ. ಗಂಟೆಗೊಮ್ಮೆ ಸಿಹಿನೀರು ಮುಂದಿಡಿ.

ಮರಳುವಾಗ ಗಾಳಿ ಬೆನ್ನಿಗಿರುತ್ತದೆ. ಆಗ ದೊಡ್ಡ ಹಾಯಿ ಇಳಿಸಿ ಅಡ್ಡಮರವನ್ನು ಬಿಗಿದು ಕಟ್ಟಿ, ಮುಂದಿನ ಹಾಯಿಯೊಂದರಲ್ಲೇ ಬನ್ನಿ. ವೇಗ ಕಡಿಮೆಯಾದರೂ ತಲೆಯ ಮೇಲೆ ಬೀಸುವುದು ಏನೂ ಇರುವುದಿಲ್ಲ. ದಡ ಸೇರಿದೊಡನೆ ಸಿಹಿನೀರಿನಲ್ಲಿ ಮೈ ತೊಳೆದು, ಕಿವಿ ಒರೆಸಿ, ಪಾದಗಳ ಸಂದಿನಲ್ಲಿ ಉಪ್ಪು ಉಳಿದಿದೆಯೇ ನೋಡಿ. ಕೆಂಪಿ ಇಷ್ಟು ಹೊತ್ತಿಗೆ ನಿಂತಲ್ಲೇ ತೂಕಡಿಸುತ್ತಿರುತ್ತಾಳೆ. ಕಾರಿನವರೆಗೆ ಅವಳನ್ನು ಯಾರು ಎತ್ತಿಕೊಳ್ಳಬೇಕೆಂದು ನಾವು ನಾಲ್ವರೂ ಸರದಿ ಹಾಕಿಕೊಂಡಿದ್ದೇವೆ.