ಸ್ಪರ್ಧೆಯ ಏರೋಬ್ಯಾಟಿಕ್ಸ್‌ಗೆ ನಾನು ವಿಮಾನ ಆರಿಸಿಕೊಂಡ ಬಗೆ

ಏರೋಬ್ಯಾಟಿಕ್ಸ್, ಅಂದರೆ ವಿಮಾನದ ಕಸರತ್ತಿನ ಸ್ಪರ್ಧೆಗೆ ಇಳಿಯಬೇಕೆಂದಿರುವವರು ನನ್ನನ್ನು ಮೊದಲು ಕೇಳುವುದು ಪಿಟ್ಸ್ ವಿಮಾನ ಕೊಳ್ಳಬೇಕೇ, ಎಕ್ಸ್‌ಟ್ರಾ ವಿಮಾನ ಕೊಳ್ಳಬೇಕೇ ಎಂದು. ನಾನು ಅವರನ್ನು ಕೇಳುವುದು ಎರಡೇ ಮಾತು: ಮುಂದಿನ ಎರಡು ವರ್ಷ ಯಾವ ವಿಭಾಗದಲ್ಲಿ ಹಾರುತ್ತೀರಿ? ಇಂಧನ, ವಿಮೆ, ತರಬೇತುದಾರರ ಶುಲ್ಕ ಎಲ್ಲ ಕಳೆದು ವಾರಕ್ಕೊಮ್ಮೆಯಾದರೂ ಹಾರುವಷ್ಟು ಹಣ ಉಳಿಯುತ್ತದೆಯೇ? ಇವಕ್ಕೆ ಉತ್ತರ ಸಿಕ್ಕಿದರೆ ಯಾವ ವಿಮಾನವೆಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆ.

ನಾನಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿಯ ಸ್ಪರ್ಧೆಗಳು 1970ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಏರೋಬ್ಯಾಟಿಕ್ ಕ್ಲಬ್‌ನ ನಿಯಮಗಳ ಪ್ರಕಾರ ನಡೆಯುತ್ತವೆ. ಪ್ರೈಮರಿ, ಸ್ಪೋರ್ಟ್ಸ್‌ಮನ್, ಇಂಟರ್‌ಮೀಡಿಯಟ್, ಅಡ್ವಾನ್ಸ್‌ಡ್, ಅನ್‌ಲಿಮಿಟೆಡ್ ಎಂದು ಸುಲಭದಿಂದ ಕಠಿಣದವರೆಗೆ ಐದು ವಿಭಾಗಗಳು. ಯಲಹಂಕದಲ್ಲಿ ಸೂರ್ಯಕಿರಣ್ ತಂಡವನ್ನು ನೋಡಿದವರಿಗೆ ನೆನಪಿರುವುದು ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರುವ ವಿಮಾನಗಳು, ಹೊಗೆಯ ಗೆರೆಗಳು. ಸ್ಪರ್ಧೆಯ ರೀತಿಯೇ ಬೇರೆ. ಆಕಾಶದಲ್ಲಿ ನೀವೊಬ್ಬರೇ. ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತ ತೀರ್ಪುಗಾರರು. ಉದ್ದ ಅಗಲ ತಲಾ 1000 ಮೀಟರ್ ಇರುವ ಬಾಕ್ಸ್‌ನೊಳಗೇ ನಿಮ್ಮ ಆಟವೆಲ್ಲ. ಅದರ ಮೂಲೆಗಳನ್ನು ನೆಲದ ಮೇಲೆ ಬಿಳಿಯ ಪಟ್ಟಿಗಳಿಂದ ಗುರುತಿಸಿರುತ್ತಾರೆ. ಸ್ಪೋರ್ಟ್ಸ್‌ಮನ್ ವಿಭಾಗದವರು 1500 ಅಡಿಗಿಂತ ಕೆಳಗೆ ಬರುವಂತಿಲ್ಲ. ಅನ್‌ಲಿಮಿಟೆಡ್‌ನವರಿಗೆ 100 ಮೀಟರ್‌ವರೆಗೂ ಇಳಿಯಲು ಅನುಮತಿ ಇದೆ.

ವಿಮಾನ ಆಕಾಶದಲ್ಲಿ ಬರೆಯುವ ಪ್ರತಿ ಆಕೃತಿಗೂ 10 ಅಂಕ. ಗೆರೆ 5 ಡಿಗ್ರಿ ವಾಲಿದರೆ 1 ಅಂಕ ಹೋಗುತ್ತದೆ. ಉಳಿದದ್ದನ್ನು ಆ ಆಕೃತಿಯ ಕಷ್ಟಕ್ಕೆ ತಕ್ಕ ಗುಣಾಂಕದಿಂದ ಗುಣಿಸುತ್ತಾರೆ. ಸ್ಪೇನಿನ ಪೈಲಟ್ ಹೋಸೆ ಲೂಯಿಸ್ ಅರೆಸ್ಟಿ ರೂಪಿಸಿದ ಚಿಹ್ನೆಗಳಲ್ಲಿ ಇಡೀ ಅನುಕ್ರಮವನ್ನು ಒಂದು ಕಾರ್ಡಿನ ಮೇಲೆ ಬರೆದು, ಎದುರಿನ ಫಲಕಕ್ಕೆ ಅಂಟಿಸಿಕೊಂಡು ಹಾರುತ್ತೇವೆ. ಬೊಬ್ಬೆ ಹಾಕಿಸಿಕೊಳ್ಳುವ ಸಾಹಸಕ್ಕೆ ಇಲ್ಲಿ ಅಂಕವಿಲ್ಲ, ನೇರವಾದ ಗೆರೆಗೆ ಇದೆ. ನನಗೆ ಈ ಕ್ರೀಡೆ ಹಿಡಿಸಿದ್ದೇ ಈ ಕಟ್ಟುನಿಟ್ಟಿಗಾಗಿ.

ನಾನು ಗೆಳೆಯರಿಬ್ಬರ ಜೊತೆ ಸೇರಿ ಮೊದಲು ಕೊಂಡದ್ದು ಸೂಪರ್ ಡೆಕಾಥ್ಲಾನ್. 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ತಲೆಕೆಳಗಾಗಿ ಹಾರುವಾಗಲೂ ಇಂಧನ ಮತ್ತು ಎಣ್ಣೆ ಪೂರೈಸುವ ವ್ಯವಸ್ಥೆ, ಮೇಲ್ಮುಖವಾಗಿ 6 ಜಿ, ಕೆಳಮುಖವಾಗಿ 5 ಜಿ ತಡೆಯುವ ಒಡಲು (1 ಜಿ ಎಂದರೆ ಭೂಮಿಯ ಗುರುತ್ವದಷ್ಟು ಭಾರ). ಅದಕ್ಕಿಂತ ಅಗ್ಗವಾದ ಸಿಟಾಬ್ರಿಯಾ ಪ್ರೈಮರಿ ವಿಭಾಗಕ್ಕೆ ಸಾಕಾಗುತ್ತಿತ್ತು. ಆದರೆ ಅದರ ಮಿತಿ 5 ಜಿ ಮತ್ತು 2 ಜಿ. ತಲೆಕೆಳಗಾಗಿ ನಿಯಂತ್ರಣದ ಸ್ಟಿಕ್ಕನ್ನು ಮುಂದಕ್ಕೆ ತಳ್ಳಿ ಕಲಿಯಬೇಕೆಂದಿದ್ದ ನಮಗೆ ಅದು ಬಿಗಿಯಾದ ಅಂಗಿ.

ಡೆಕಾಥ್ಲಾನ್ ಸ್ಪರ್ಧೆಗೆ ಹೇಳಿ ಮಾಡಿಸಿದ್ದಲ್ಲ ಎನ್ನುವವರಿದ್ದಾರೆ. ರೋಲ್, ಅಂದರೆ ಮೂಗಿನಿಂದ ಬಾಲದ ಗೆರೆಯ ಸುತ್ತ ಉರುಳುವುದು, ನಿಧಾನ; ಏರುವ ಶಕ್ತಿ ಕಡಿಮೆ. ಎರಡೂ ನಿಜ. ಆದರೂ ಕಲಿಯುವವನಿಗೆ ಆ ನಿಧಾನವೇ ಲಾಭ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಸ್ಲೋ ರೋಲ್ ತೆಗೆದುಕೊಳ್ಳಿ. ರೆಕ್ಕೆ ಲಂಬವಾಗಿ ನಿಂತಾಗ ಮೂಗು ಇಳಿಯದಂತೆ ಮೇಲ್ಬದಿಯ ರಡ್ಡರ್ (ಬಾಲದ ಚುಕ್ಕಾಣಿಯ ಪೆಡಲ್) ಒತ್ತಬೇಕು. ತಲೆಕೆಳಗಾಗುತ್ತಿದ್ದಂತೆ ಸ್ಟಿಕ್ ಮುಂದಕ್ಕೆ. ಮತ್ತೆ ರೆಕ್ಕೆ ಲಂಬವಾದಾಗ ಇನ್ನೊಂದು ಕಾಲು. ಎಕ್ಸ್‌ಟ್ರಾದಂಥ ವಿಮಾನ ಈ ಹಂತಗಳನ್ನೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಬಿಡುತ್ತದೆ. ಡೆಕಾಥ್ಲಾನ್‌ನಲ್ಲಿ ಪ್ರತಿ ಹಂತಕ್ಕೂ ಕೈಕಾಲು ಉತ್ತರ ಕೊಡಲೇಬೇಕು, ಇಲ್ಲದಿದ್ದರೆ ಮೂಗು ದಿಗಂತದ ಸುತ್ತ ಅಲೆಯುವುದು ಕೆಳಗಿರುವವರಿಗೆಲ್ಲ ಕಾಣುತ್ತದೆ. ಲೂಪ್‌ಗೆ ಗಂಟೆಗೆ ಸುಮಾರು 140 ಮೈಲಿ ವೇಗದಲ್ಲಿ ಹೊಕ್ಕು, ನೆತ್ತಿಗೆ ಬಂದಾಗ ಸ್ಟಿಕ್ಕಿನ ಒತ್ತಡ ಸಡಿಲಿಸಿ ತೇಲಲು ಬಿಟ್ಟರೆ ಮಾತ್ರ ವೃತ್ತ ದುಂಡಗಾಗುತ್ತದೆ. ಎಳೆದೇ ಇದ್ದರೆ ಮೇಲ್ಭಾಗ ಚಿಕ್ಕದಾಗಿ ಆಕಾರ ಕೆಡುತ್ತದೆ.

ನೆಟ್ಟಗೆ ಮೇಲೇರಿ, ತುದಿಯಲ್ಲಿ ಪಕ್ಕಕ್ಕೆ ತಿರುಗಿ ನೆಟ್ಟಗೆ ಕೆಳಗಿಳಿಯುವ ಹ್ಯಾಮರ್‌ಹೆಡ್ ನನ್ನ ಅಚ್ಚುಮೆಚ್ಚಿನ ಆಕೃತಿ, ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ವಿಮಾನವನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ ಎಡ ರೆಕ್ಕೆಯ ತುದಿಗೆ ನೋಡುತ್ತೇನೆ. ಅಲ್ಲಿ ಸರಳುಗಳಿಂದ ಮಾಡಿದ ತ್ರಿಕೋನವೊಂದು ಇರುತ್ತದೆ. ಅದರ ಬದಿಯನ್ನು ದಿಗಂತಕ್ಕೆ ಹೊಂದಿಸಿದರೆ ಲಂಬ ಗೆರೆಯೂ 45 ಡಿಗ್ರಿ ಗೆರೆಯೂ ಸಿಗುತ್ತವೆ. ವೇಗ ಸಾಯುತ್ತಾ ಬಂದಾಗ ಪೂರ್ತಿ ಎಡ ರಡ್ಡರ್. ಹೊರಗಿನ ರೆಕ್ಕೆ ವೇಗವಾಗಿ ಚಲಿಸಿ ಹೆಚ್ಚು ಎತ್ತುವುದರಿಂದ ಬಲಕ್ಕೆ ಏಲರಾನ್ (ವಿಮಾನವನ್ನು ಉರುಳಿಸುವ ರೆಕ್ಕೆಯಂಚಿನ ಫಲಕ) ಬೇಕು. ಸುತ್ತುವ ಪ್ರೊಪೆಲರ್ ಮೂಗನ್ನು ತಳ್ಳುವುದರಿಂದ ಸ್ಟಿಕ್ ಮುಂದಕ್ಕೂ ಬೇಕು. ಬೇಗ ಒತ್ತಿದರೆ ವಿಮಾನ ಕಮಾನಿನಂತೆ ಬಾಗಿ ಹೋಗುತ್ತದೆ, ತಡವಾದರೆ ಬಾಲ ಮುಂದಾಗಿ ಹಿಂದಕ್ಕೆ ಜಾರುತ್ತದೆ. ಯಾಕ್-52 ಹಾರಿಸುವವರು ಇದನ್ನೇ ಬಲಕ್ಕೆ ಮಾಡುತ್ತಾರೆ, ಏಕೆಂದರೆ ಆ ರಷ್ಯನ್ ಎಂಜಿನ್ ಪ್ರೊಪೆಲರನ್ನು ತಿರುಗಿಸುವುದು ನಮ್ಮದಕ್ಕೆ ವಿರುದ್ಧ ದಿಕ್ಕಿನಲ್ಲಿ. ವಿಮಾನ ಬದಲಿಸುವವರು ಇದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

ಪ್ರೊಪೆಲರ್ ವಿಷಯದಲ್ಲಿ ನಾನು ರಾಜಿಯಾಗಲಿಲ್ಲ. ಅಲಗಿನ ಕೋನ ಬದಲಾಗದ ಪ್ರೊಪೆಲರ್ ಇದ್ದರೆ ಪ್ರತಿ ಡೈವ್‌ನಲ್ಲೂ ಎಂಜಿನ್ ಮಿತಿಮೀರಿ ಸುತ್ತದಂತೆ ಥ್ರಾಟಲ್ ಹಿಂದಕ್ಕೆ ಎಳೆಯುತ್ತಿರಬೇಕು, ಗಮನ ಅರ್ಧ ಅಲ್ಲೇ ಹೋಗುತ್ತದೆ. ಸ್ಥಿರ ವೇಗದ ಪ್ರೊಪೆಲರ್ ಆ ಕೆಲಸವನ್ನು ತಾನೇ ಮಾಡುತ್ತದೆ. ಏರೋಬ್ಯಾಟಿಕ್ಸ್‌ಗೆಂದೇ ಮಾಡಿದ್ದರಲ್ಲಿ ಎಣ್ಣೆಯ ಒತ್ತಡ ಕ್ಷಣಕಾಲ ತಪ್ಪಿದರೂ ಅಲಗುಗಳು ವೇಗ ತಗ್ಗಿಸುವ ಕೋನಕ್ಕೇ ಹೋಗುತ್ತವೆ, ಎಂಜಿನ್ ಉಳಿಯುತ್ತದೆ.

ಹಳೆಯ ವಿಮಾನವಾದ್ದರಿಂದ ಕೊಳ್ಳುವ ಮುನ್ನ ನಮ್ಮದೇ ಮೆಕ್ಯಾನಿಕ್‌ನಿಂದ ತಪಾಸಣೆ ಮಾಡಿಸಿದೆವು. ಹಳೆಯ ಡೆಕಾಥ್ಲಾನ್‌ಗಳ ರೆಕ್ಕೆಯ ತೊಲೆ ಮರದ್ದು. ಎಂದೋ ಒಮ್ಮೆ ರೆಕ್ಕೆಯ ತುದಿ ನೆಲಕ್ಕೆ ಬಡಿದಿದ್ದರೆ ಮರದ ನಾರು ಒಳಗೇ ಮುರಿದು ಕೂದಲೆಳೆಯಂಥ ಬಿರುಕು ಉಳಿದಿರಬಹುದು, ಹೊರಗಿನ ಬಟ್ಟೆಯ ಮೇಲೆ ಏನೂ ಕಾಣುವುದಿಲ್ಲ. ದೀಪ, ಕನ್ನಡಿ ಹಿಡಿದು ತೊಲೆಯ ಉದ್ದಕ್ಕೂ ನೋಡಿಸಿ, ಲಾಗ್‌ಬುಕ್‌ನಲ್ಲಿ ದುರಸ್ತಿಯ ದಾಖಲೆಯನ್ನು ಪುಟಪುಟವಾಗಿ ಓದಿಸಿ. ಬಣ್ಣ ಹೊಳೆಯುತ್ತಿದೆ ಎಂದು ಯಾರೂ ಮುಂಗಡ ಕೊಡಬೇಡಿ. 6 ಜಿ ಎಳೆಯುವಾಗ ನಿಮ್ಮನ್ನು ಹಿಡಿದಿಡುವುದು ಆ ತೊಲೆಯೇ.

ಬೊರೆಗೊ ಸ್ಪ್ರಿಂಗ್ಸ್‌ನ ಮರುಭೂಮಿಯಲ್ಲಿ ಸ್ಪೋರ್ಟ್ಸ್‌ಮನ್ ವಿಭಾಗದಲ್ಲಿ ಹಾರುವಾಗ ಡೆಕಾಥ್ಲಾನ್ ಕಲಿಸಿದ ಇನ್ನೊಂದು ಪಾಠ ಎತ್ತರದ ಲೆಕ್ಕ. ಪ್ರತಿ ಆಕೃತಿಯಲ್ಲೂ ಅದು ಸ್ವಲ್ಪ ಸ್ವಲ್ಪ ಎತ್ತರ ಕಳೆದುಕೊಳ್ಳುತ್ತದೆ. ಬಿಸಿಲೇರಿ ಗಾಳಿ ತೆಳುವಾದರೆ ಇನ್ನೂ ಹೆಚ್ಚು. ಆದ್ದರಿಂದ ಬಾಕ್ಸ್‌ನ ಮೇಲ್ಭಾಗದಿಂದಲೇ ಆರಂಭಿಸಿ, ಗಾಳಿ ಎತ್ತ ತಳ್ಳುತ್ತದೆಂದು ಮೊದಲೇ ಅಂದಾಜಿಸಿ, ಕೊನೆಯ ಆಕೃತಿಗೆ ಬೇಕಾದ ಎತ್ತರವನ್ನು ಮೊದಲ ಆಕೃತಿಯಲ್ಲೇ ಯೋಚಿಸುತ್ತಿದ್ದೆ. ಅಭ್ಯಾಸದ ವೇಳೆ ನೆಲದಲ್ಲಿ ರೇಡಿಯೋ ಹಿಡಿದ ತರಬೇತುದಾರರು ‘ಬಲ ರೆಕ್ಕೆ ಇಳಿದಿದೆ’ ಎಂದು ಆ ಕ್ಷಣದಲ್ಲೇ ಹೇಳುವುದಕ್ಕೆ ಸಮನಾದ ಸಲಕರಣೆ ಯಾವ ವಿಮಾನದಲ್ಲೂ ಇಲ್ಲ.

ಇಂಟರ್‌ಮೀಡಿಯಟ್‌ಗೆ ಏರಿದಾಗ ಮಾತ್ರ ವಿಮಾನ ಬದಲಿಸಬೇಕಾಯಿತು. ಅಲ್ಲಿ ಸ್ನ್ಯಾಪ್ ರೋಲ್‌ಗಳಿವೆ, ಅಂದರೆ ಒಂದು ರೆಕ್ಕೆಯ ಎತ್ತುವ ಬಲ ಹಠಾತ್ತನೆ ಕುಸಿಯುವಂತೆ ಮಾಡಿ ರಭಸವಾಗಿ ಉರುಳುವ ಆಕೃತಿಗಳು. ಜೊತೆಗೆ ಸ್ಪರ್ಧೆಯ ಸ್ಥಳದಲ್ಲೇ ಕೈಗೆ ಕೊಡುವ ‘ಅನ್‌ನೋನ್’ ಅನುಕ್ರಮವನ್ನು ಅಭ್ಯಾಸವಿಲ್ಲದೆ ಹಾರಬೇಕು, ಶಕ್ತಿ ಕೈಯಲ್ಲಿ ಉಳಿದಿರಬೇಕು. ಎಕ್ಸ್‌ಟ್ರಾ 300ಎಲ್ ನೋಡಿದೆವು: 300 ಅಶ್ವಶಕ್ತಿ, ಒಬ್ಬರೇ ಇದ್ದಾಗ ಎರಡೂ ದಿಕ್ಕಿಗೆ 10 ಜಿ. ಅದ್ಭುತ ಯಂತ್ರ, ಆದರೆ ಅದರ ಬೆಲೆಗೆ ನಮ್ಮ ವರ್ಷಗಟ್ಟಲೆಯ ಅಭ್ಯಾಸದ ಇಂಧನ ಕರಗಿಹೋಗುತ್ತಿತ್ತು. 260 ಅಶ್ವಶಕ್ತಿಯ ಪಿಟ್ಸ್ ಎಸ್-2ಬಿ ತಂದೆವು. ಕರ್ಟಿಸ್ ಪಿಟ್ಸ್ 1940ರ ದಶಕದಲ್ಲಿ ಆರಂಭಿಸಿದ ಪುಟ್ಟ ಜೋಡಿ ರೆಕ್ಕೆಯ ವಂಶ ಅದು; 1972ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಮೆರಿಕದ ತಂಡ ಗೆದ್ದದ್ದು ಪಿಟ್ಸ್‌ಗಳಲ್ಲೇ. ಕೆಳಮುಖ ಮಿತಿ 3 ಜಿ ಮಾತ್ರ, ಇಂಟರ್‌ಮೀಡಿಯಟ್‌ಗೆ ಅದು ನನಗೆ ಅಡ್ಡಿಯಾಗಿಲ್ಲ. ಇಳಿಯುವಾಗ ಮುಂದೆ ರನ್‌ವೇ ಕಾಣುವುದಿಲ್ಲ, ಹಾಗಾಗಿ ಬಾಗಿದ ದಾರಿಯಲ್ಲಿ ಬಂದು ಕೊನೆಯ ಗಳಿಗೆಯಲ್ಲಿ ನೇರ ಮಾಡುತ್ತೇನೆ. ಬಾಲದಡಿ ಚಕ್ರವಿರುವ ವಿಮಾನದಲ್ಲಿ ಚೆನ್ನಾಗಿ ಪಳಗದವರು ಇದಕ್ಕೆ ಕೈ ಹಾಕಬಾರದು.

ಕೊಳ್ಳುವ ಮೊದಲು ಪ್ಯಾರಾಚೂಟ್ ಕಟ್ಟಿಕೊಂಡೇ ಕಾಕ್‌ಪಿಟ್‌ನಲ್ಲಿ ಕುಳಿತು ನೋಡಿ. ಬೆಲ್ಟ್‌ಗಳನ್ನು ಉಸಿರು ಬಿಗಿಯುವಷ್ಟು ಎಳೆದುಕೊಂಡು ಸ್ಟಿಕ್ಕನ್ನು ನಾಲ್ಕೂ ಮೂಲೆಗೆ ಒಯ್ಯಿರಿ, ಮೊಣಕಾಲಿಗೆ ಎಲ್ಲಿಯೂ ತಾಗಬಾರದು. ನಿಮ್ಮ ತೂಕ, ತರಬೇತುದಾರರ ತೂಕ, ಎರಡು ಪ್ಯಾರಾಚೂಟ್ ಸೇರಿಸಿ ಏರೋಬ್ಯಾಟಿಕ್ ತೂಕದ ಮಿತಿಯೊಳಗೆ ಎಷ್ಟು ಇಂಧನಕ್ಕೆ ಜಾಗ ಉಳಿಯುತ್ತದೆಂದು ಕಾಗದದ ಮೇಲೆ ಬರೆಯಿರಿ. ಎಸ್-2ಬಿಯಲ್ಲಿ ದಪ್ಪಗಿನ ಇಬ್ಬರು ಕುಳಿತರೆ ಟ್ಯಾಂಕ್ ತುಂಬಿಸುವಂತಿಲ್ಲ. ನಾನು ಮತ್ತು ನನ್ನ ತರಬೇತುದಾರರು ಅಭ್ಯಾಸಕ್ಕೆ ಏರುವಾಗ ಇಂದಿಗೂ ಅರ್ಧ ಟ್ಯಾಂಕ್‌ನಲ್ಲೇ ಹೊರಡುತ್ತೇವೆ.