ಗುಂಡಿನ ಬಟ್ಟೆಗೆ ಹರಳೆಣ್ಣೆ, ತುಡುವೆ ಜೇನಿನ ಮೇಣ: ನನ್ನ ಅನುಭವ

ಕೇಪಿನ ಕೋವಿಗೆ ಹರಳೆಣ್ಣೆಯಾ ಎಂದು ನಕ್ಕವರಲ್ಲಿ ಇಬ್ಬರು ಈಗ ಖಾಲಿ ಡಬ್ಬಿ ಹಿಡಿದು ಬರುತ್ತಾರೆ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳುವುದಕ್ಕಿಂತ ಬರೆದಿಡುವುದು ಸುಲಭ. ಕೇಪಿನ ಕೋವಿ ಎಂದರೆ ಬಾಯಿಯಿಂದ ಮದ್ದು, ಗುಂಡು ತುಂಬಿ, ಬಡಿದರೆ ಕಿಡಿ ಹಾರಿಸುವ ಪುಟ್ಟ ಕೇಪು ಇಟ್ಟು ಸಿಡಿಸುವ ಹಳೇ ಕೋವಿ. ಗುಂಡನ್ನು ಎಣ್ಣೆ ಹಚ್ಚಿದ ಬಟ್ಟೆ ಚೂರಲ್ಲಿ ಸುತ್ತಿ, ಗಜ ಎಂಬ ಉದ್ದ ಕೋಲಿನಿಂದ ಒಳಗೆ ತಳ್ಳುತ್ತೇವೆ; ಆ ಬಟ್ಟೆಗೆ ಯಾವ ಎಣ್ಣೆ ಎಂಬುದೇ ಇಲ್ಲಿನ ವಿಷಯ.

ನನ್ನದು ರೈಫ್ಲಿಂಗ್ (ಒಳಮೈಯಲ್ಲಿ ಸುರುಳಿ ಗೀರು) ಇರುವ ನಳಿಗೆ, ಬೋರು, ಅಂದರೆ ಒಳಗಿನ ಅಗಲ, ಅರ್ಧ ಇಂಚು. ಗುಂಡು 0.490 ಇಂಚಿನದು, ಮೆತ್ತನೆಯ ಸೀಸ, ತೂಕ ಹನ್ನೊಂದೂವರೆ ಗ್ರಾಂ ಆಸುಪಾಸು. ನುಣುಪು ನಳಿಗೆಯಲ್ಲಿ ಒಂಟಿ ಗುಂಡು ಹಾಕುವವರಿಗೂ ಇದು ನಡೆಯುತ್ತದೆ, ಚರೆ (ಸಣ್ಣ ಸೀಸದ ಕಾಳು) ತುಂಬುವವರಿಗೆ ಬೇಕಾಗಿಲ್ಲ. ಮದ್ದಿನ ಅಳತೆಯನ್ನು ಮೊದಲಿಂದ ಕೊನೆಯವರೆಗೆ ಮುಟ್ಟಲಿಲ್ಲ. ಮದ್ದು, ಎಣ್ಣೆ ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದೆಂದು ಗೊತ್ತೇ ಆಗುವುದಿಲ್ಲ.

ಕೊಡಗಿನಲ್ಲಿ ಒಂದೇ ಎಣ್ಣೆ ವರ್ಷಪೂರ್ತಿ ನಡೆಯದು. ಸೆಪ್ಟೆಂಬರ್ ಮೊದಲ ವಾರ, ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ಗಾಳಿಯೇ ಒದ್ದೆ. ಕರಿಮದ್ದು ಸುಟ್ಟು ನಳಿಗೆಯಲ್ಲಿ ಉಳಿಯುವ ಕಿಟ್ಟ ಆ ನೀರನ್ನು ಹೀರಿ ಕೊಚ್ಚೆಯ ಹಾಗೆ ಮೆತ್ತಗಿರುತ್ತದೆ, ಗಜ ಹೇಗೋ ಇಳಿಯುತ್ತದೆ. ಸುಗ್ಗಿ ಹಬ್ಬ ಪುತ್ತರಿ ದಾಟಿ ಜನವರಿ, ಫೆಬ್ರವರಿಗೆ ಬಂದರೆ ಅದೇ ಕಿಟ್ಟ ಬಾಣಲೆಯ ತಳ ಹಿಡಿದಂತೆ ಗಟ್ಟಿ. ಮೂರನೇ ಗುಂಡಿಗೆ ಗಜ ಅರ್ಧದಲ್ಲಿ ನಿಂತಿತೆಂದರೆ ಸುಮ್ಮನೆ ಹೊಡೆಯಬೇಡಿ. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಗುಂಡು ಪೂರ್ತಿ ಕೂತಾಗ ಗಜ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದಕ್ಕೆ ಗಜದ ಮೇಲೆ ಒಂದು ಗೀರು ಹಾಕಿಟ್ಟಿದ್ದೇನೆ, ಪ್ರತಿ ಸಲ ಅದನ್ನು ನೋಡಿಯೇ ಕೇಪು ಇಡುವುದು.

ಕೆಟ್ಟದ್ದರಿಂದ ಶುರು ಮಾಡುತ್ತೇನೆ. ಹೊಲಿಗೆ ಮೆಷಿನ್ ಎಣ್ಣೆ, ಎಂಜಿನ್ ಆಯಿಲ್, ಗ್ರೀಸ್ ಎಲ್ಲವೂ ಮಣ್ಣೆಣ್ಣೆಯ ಜಾತಿ. ಕರಿಮದ್ದಿನ ಜತೆ ಸುಟ್ಟು ಡಾಮರಿನಂತಾಗುತ್ತವೆ. ಮೊದಲ ಎರಡು ತಿಂಗಳು ನನ್ನ ನಳಿಗೆಯ ಬುಡದಲ್ಲಿ ಆ ಡಾಮರು ಕೂತು, ಬಿಸಿನೀರಿಗೂ ಜಗ್ಗಲಿಲ್ಲ. ಹೊರಗಿನಿಂದ ತರಿಸಿದ ತಯಾರಿ ಲೂಬ್ (ಬಟ್ಟೆಗೆ ಹಚ್ಚುವ ಜಿಡ್ಡು) ಡಬ್ಬಿಗೆ ಸುಮಾರು 1,800 ರೂಪಾಯಿ ಹೋಯಿತು. ವಸ್ತು ಒಳ್ಳೆಯದೇ, ಆದರೆ ಅಷ್ಟು ದುಡ್ಡಿಗೆ ಐದು ಕಿಲೋ ಹರಳೆಣ್ಣೆ ಬರುತ್ತದೆ.

ತೆಂಗಿನೆಣ್ಣೆ ಸಾಕು ಎನ್ನುವವರೇ ನಮ್ಮಲ್ಲಿ ಹೆಚ್ಚು. ಚೊಕ್ಕವಾಗಿ ಉರಿಯುತ್ತದೆ, ಒಪ್ಪುತ್ತೇನೆ. ಆದರೆ 24 ಡಿಗ್ರಿ ಅದರ ಗಡಿ. ಡಿಸೆಂಬರ್ ಬೆಳಿಗ್ಗೆ ಮೇಣದಬತ್ತಿಯಷ್ಟು ಗಟ್ಟಿ, ಮಧ್ಯಾಹ್ನದ ಬಿಸಿಲಿಗೆ ನೀರು. ನೀರಾದಾಗ ಬಟ್ಟೆಯಿಂದ ಮದ್ದಿಗೆ ಇಳಿಯುತ್ತದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ತುಂಬಿಟ್ಟು ನಿಮ್ಮ ಸರದಿಗೆ ಅರ್ಧ ಗಂಟೆ ಕಾದರೆ ಕೇಪು ಮಾತ್ರ ಸಿಡಿಯುತ್ತದೆ.

ಉಪ್ಪಿಲ್ಲದೆ ಕಾಯಿಸಿದ ಹಂದಿ ಕೊಬ್ಬು ನಿಜಕ್ಕೂ ಚೆನ್ನಾಗಿ ಕೆಲಸ ಮಾಡಿತು. ಅಡುಗೆಮನೆಯದ್ದನ್ನು ತರಬೇಡಿ, ಅದರಲ್ಲಿ ಉಪ್ಪಿದ್ದರೆ ಒಂದೇ ರಾತ್ರಿಯಲ್ಲಿ ತುಕ್ಕು. ಮೂರು ವಾರಕ್ಕೆ ಕಮಟು ವಾಸನೆ ಬಂತು, ಆಮೇಲೆ ಇಲಿಗಳು ಬಟ್ಟೆಯನ್ನೇ ತಿಂದವು. 1857ರಲ್ಲಿ ಎನ್‌ಫೀಲ್ಡ್ ತೋಟಾದ ಕೊಬ್ಬಿನ ಗಲಾಟೆ ಎದ್ದಾಗ, ಸಿಪಾಯಿಗಳು ತಾವೇ ಎಣ್ಣೆ, ಮೇಣ ಕಲಸಿ ಹಚ್ಚಿಕೊಳ್ಳಲಿ ಎಂದು ಕಂಪನಿ ಸರ್ಕಾರ ಅಪ್ಪಣೆ ಕೊಟ್ಟಿತ್ತು. ಹಾಗಾಗಿ ನನ್ನ ಡಬ್ಬಿಯಲ್ಲಿರುವುದು ಹೊಸ ಸಾಮಾನೇನಲ್ಲ.

ಈಗ ನಾನು ಮಾಡುವುದು ಹೀಗೆ. ಮಳೆಗಾಲಕ್ಕೆ ಒಂದು ಪಾಲು ಮೇಣಕ್ಕೆ ನಾಲ್ಕು ಪಾಲು ಹರಳೆಣ್ಣೆ, ಚಳಿಗೆ ಒಂದಕ್ಕೆ ಆರು. ಪಾಲು ಎಂದರೆ ತೂಕದಲ್ಲಿ, ಲೋಟದಲ್ಲಲ್ಲ. ತುಡುವೆಯ ಹಳೇ ಎರಿಯನ್ನು ನೀರಲ್ಲಿ ಕುದಿಸಿ, ಬಟ್ಟೆಯಲ್ಲಿ ಹಿಂಡಿ, ಆರಲು ಬಿಡಿ. ಮೇಲೆ ಕಟ್ಟಿದ ಬಿಲ್ಲೆಯ ಅಡಿಯಲ್ಲಿ ಕಂದು ಕಸ ಅಂಟಿರುತ್ತದೆ, ಅದನ್ನು ಚಾಕುವಿನಿಂದ ಹೆರೆದು ತೆಗೆಯಬೇಕು. ಆ ಕಸ ಉಳಿದರೆ ನಳಿಗೆಯಲ್ಲಿ ಮರಳು ಉಜ್ಜಿದಂತೆ. ಬಿಲ್ಲೆಯಲ್ಲಿ ನೀರಿನ ಪಸೆ ಇರಬಾರದು, ಬಿಸಿ ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ. ಮೇಣ ಕರಗುವುದು ಅರವತ್ತೆರಡು ಅರವತ್ತನಾಲ್ಕು ಡಿಗ್ರಿಗೆ. ಹಾಗಾಗಿ ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟರೆ ಸಾಕು, ನೇರ ಬೆಂಕಿ ಬೇಡವೇ ಬೇಡ.

ಬಟ್ಟೆ ಅಪ್ಪಟ ಹತ್ತಿಯದ್ದಾಗಿರಲಿ, ಒತ್ತಾಗಿ ನೇಯ್ದ ಹಾಸಿಗೆ ಬಟ್ಟೆ. ದಪ್ಪ 0.018 ಇಂಚು ನನಗೆ ಹಿಡಿಸಿತು. ಗಂಜಿ ಹೋಗುವವರೆಗೆ ಎರಡು ಸಲ ಬಿಸಿನೀರಲ್ಲಿ ಒಗೆಯಿರಿ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ನಳಿಗೆಗೆ ಅಂಟುತ್ತದೆ. ಅನುಮಾನ ಬಂದರೆ ಒಂದು ನೂಲಿಗೆ ಬೆಂಕಿ ಹಚ್ಚಿ: ಹತ್ತಿಯಾದರೆ ಬೂದಿ, ಪಾಲಿಯೆಸ್ಟರ್ ಆದರೆ ಗಟ್ಟಿ ಮಣಿ. ಕರಗಿದ ಮಿಶ್ರಣದಲ್ಲಿ ಪಟ್ಟಿ ಅದ್ದಿ, ಎರಡು ಚಮಚದ ನಡುವೆ ಹಿಂಡಿ ಎಳೆಯುತ್ತೇನೆ. 100 ಗ್ರಾಂ ಬಟ್ಟೆ 50-60 ಗ್ರಾಂ ಹಿಡಿದರೆ ಸರಿ. ಇದಕ್ಕಿಂತ ಜಾಸ್ತಿಯಾದಾಗ ಗುರಿ ಚದುರಿತು. ಎಲ್ಲರೂ ಮಾಡುವ ತಪ್ಪು ಇದೇ, ಎಣ್ಣೆ ಹೆಚ್ಚಿದಷ್ಟೂ ಒಳ್ಳೆಯದೆಂದುಕೊಳ್ಳುವುದು.

ಹೊಡೆದ ಮೇಲೆ ಹತ್ತು ಹೆಜ್ಜೆ ಮುಂದೆ ಹೋಗಿ ಬಟ್ಟೆ ಚೂರು ಹೆಕ್ಕಿ ನೋಡಿ. ನಡುವೆ ಸುಟ್ಟು ತೂತಾಗಿದ್ದರೆ ಪಸೆ ಸಾಲದು ಅಥವಾ ಬಟ್ಟೆ ತೆಳು. ನನ್ನದರಲ್ಲಿ ಹಾಗಿರಲಿಲ್ಲ. ನಡು ಬೂದು ಬಣ್ಣ, ಸುತ್ತ ಬೆಳ್ಳಗೆ, ಆದರೆ ಗುಂಡಿನ ಸುತ್ತಳತೆಯಲ್ಲಿ ಬ್ಲೇಡಲ್ಲಿ ಕೊಯ್ದಂತೆ ಸಾಲು ಸೀಳು. ನಾಲ್ಕು ತಿಂಗಳು ಎಣ್ಣೆಯನ್ನೇ ಬೈದುಕೊಂಡು ಒಂದರ ಮೇಲೊಂದು ಬದಲಿಸಿದೆ. ತಪ್ಪಿದ್ದದ್ದು ನಳಿಗೆಯ ಬಾಯಲ್ಲಿ, ರೈಫ್ಲಿಂಗ್‌ನ ಅಂಚು ಚೂಪಾಗಿತ್ತು. 400 ನಂಬರಿನ ವಾಟರ್ ಪೇಪರನ್ನು ಹೆಬ್ಬೆರಳಿನಡಿ ಇಟ್ಟು, ಬಾಯಿಯ ಮೇಲೆ ಸುತ್ತ ತಿರುಗಿಸುತ್ತಾ ಇಪ್ಪತ್ತು ನಿಮಿಷ ಉಜ್ಜಿದೆ. ಸೀಳು ನಿಂತೇಹೋಯಿತು. ಖರ್ಚು 20 ರೂಪಾಯಿ.

ನಡುವೆ ಒಂದು ಪ್ರಯೋಗ: ಲೇತ್ ಅಂಗಡಿಯ ನೀರಿಗೆ ಕರಗುವ ಕಟಿಂಗ್ ಆಯಿಲ್, ಒಂದಕ್ಕೆ ಏಳು ಪಾಲು ನೀರು. ಬಟ್ಟೆ ಅದ್ದಿ, ಮಲಗಿಸಿ ಒಣಗಿಸಬೇಕು. ನೇತುಹಾಕಿದರೆ ಎಣ್ಣೆಯೆಲ್ಲ ಒಂದು ಅಂಚಿಗೆ ಇಳಿಯುತ್ತದೆ. ಫೆಬ್ರವರಿಯಲ್ಲಿ ಇದರ ಮುಂದೆ ನನ್ನ ಮೇಣವೂ ಇಲ್ಲ, ನಿಜ ಹೇಳುತ್ತೇನೆ. ಆದರೆ ಸೆಪ್ಟೆಂಬರಿನಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಟ್ಟರೂ ಮೂರು ದಿನ ಒಣಗದೆ ಬೂಸ್ಟು ಹಿಡಿಯಿತು. ಇನ್ನೊಂದು, ಮದ್ದಿನ ಮೇಲೆ ಅಡಿಕೆ ಹಾಳೆಯ ಬಿಲ್ಲೆ. ಎಣ್ಣೆ ಮದ್ದಿಗೆ ಇಳಿಯುವುದನ್ನು ತಡೆಯುತ್ತದೆ, ಈಗಲೂ ಹಾಕುತ್ತೇನೆ. ತೆಂಗಿನ ನಾರು ಮಾತ್ರ ಬೇಡ. ಹೊರಬಿದ್ದ ಮೇಲೂ ಹೊಗೆಯಾಡುತ್ತದೆ, ಬೇಸಿಗೆಯ ತರಗೆಲೆಯಲ್ಲಿ ಬಿದ್ದರೆ ತೋಟವೇ ಹೋದೀತು.

ಫಲ: ಮೊದಲು ಮೂರಕ್ಕೆ ನಿಲ್ಲುತ್ತಿದ್ದ ಗಜ ಈಗ ಹನ್ನೆರಡರವರೆಗೆ ನಳಿಗೆ ಒರೆಸದೆ ಇಳಿಯುತ್ತದೆ. ನಲವತ್ತು ಮೀಟರಿನಲ್ಲಿ ಐದು ಗುಂಡು ಅಂಗೈ ಅಗಲದಲ್ಲಿ ಬೀಳುತ್ತವೆ. ಪಂದ್ಯದ ತೆಂಗಿನಕಾಯಿಗೆ ಇನ್ನೇನು ಬೇಕು? ಕಿಲೋ ಮಿಶ್ರಣಕ್ಕೆ ನಾನೂರು ಚಿಲ್ಲರೆ ಬೀಳುತ್ತದೆ, ಎರಡು ವರ್ಷ ಸಾಕು. ಇದರಲ್ಲಿ ಮೂರನೆಯದೊಂದು ಸಾಮಾನು ಚಿಟಿಕೆಯಷ್ಟು ಸೇರುತ್ತದೆ, ಅದು ನನ್ನ ಬಳಿಯೇ ಇರಲಿ. ಇಲ್ಲದಿದ್ದರೂ ಹತ್ತಕ್ಕೆ ಒಂಬತ್ತು ಪಾಲು ಕೆಲಸ ಆಗುತ್ತದೆ.

ತೊಳೆಯಲು ಬರೀ ಬಿಸಿನೀರು. ಒಣಗಿಸಿದ ಮೇಲೆ ತುಕ್ಕಿಗೆ ಕೋವಿ ಎಣ್ಣೆ ಹಚ್ಚಿ, ತೊಂದರೆಯಿಲ್ಲ. ಆದರೆ ಮುಂದಿನ ಸಲ ಮದ್ದು ಹಾಕುವ ಮೊದಲು ಒಣಬಟ್ಟೆಯಲ್ಲಿ ಆ ಎಣ್ಣೆಯನ್ನು ಪೂರ್ತಿ ತೆಗೆದು, ಖಾಲಿ ನಳಿಗೆಯಲ್ಲಿ ಎರಡು ಕೇಪು ಹೊಡೆಯಿರಿ. ನಳಿಗೆ ಬಾಯಿಯ ಮುಂದಿನ ಹುಲ್ಲು ಅಲುಗಿದರೆ ಕೇಪಿನ ಕಿಡಿ ಹೋಗುವ ದಾರಿ ತೆರೆದಿದೆ.